ಟರ್ಕಿ ಕೋಳಿ ಬೇಟೆಗೆ ಯಾವ ತೋಟೆ (ಕಾರ್ತೂಸು) ಒಳ್ಳೆಯದು? ಮಿಸ್ಸೂರಿಗೆ ಹೊರಟಿದ್ದೇನೆ

ಹುಲೇಕಲ್ ತೋಟ (ಶಿರಸಿ):

ಎಲ್ಲರಿಗೂ ನಮಸ್ಕಾರ. ನನಗೆ 52 ವರ್ಷ. ಹುಲೇಕಲ್ ಕಡೆ ಎರಡು ಎಕರೆ ಅಡಿಕೆ ತೋಟ, ನಡುವೆ ಬಾಳೆ, ಮೆಣಸು. ಅಪ್ಪನ ಕಾಲದ 12 ಬೋರಿನ ಒಂಟಿ ನಳಿಗೆ ಕೋವಿ ಇದೆ. ಬೆಳೆ ರಕ್ಷಣೆ ಲೈಸೆನ್ಸ್ ಈಗ ನನ್ನ ಹೆಸರಲ್ಲಿದೆ. ಹಂದಿ, ಮಂಗ ಬಂದಾಗ ಗಾಳಿಗೆ ಒಂದು ಈಡು ಹೊಡೆದು ಓಡಿಸುವುದು ಬಿಟ್ಟರೆ ಬೇರೆ ಕೆಲಸ ಅದಕ್ಕಿಲ್ಲ.

ಏಪ್ರಿಲ್ ನಡುವೆ ತಮ್ಮನ ಮನೆಗೆ ಹೋಗುತ್ತಿದ್ದೇನೆ. ಅವನಿರುವುದು ಅಮೆರಿಕದ ಮಿಸ್ಸೂರಿಯಲ್ಲಿ. ಪಕ್ಕದ ಮನೆಯ ಹಿರಿಯರು ಪ್ರತಿ ವರ್ಷ ಟರ್ಕಿ ಬೇಟೆಗೆ ಹೋಗುವವರು. ನನ್ನ ಕೋವಿ ವಿಷಯ ತಮ್ಮ ಹೇಳಿದ್ದಾನೆ, ಈ ಸಲ ನೀವೂ ಬನ್ನಿ ಅಂದಿದ್ದಾರೆ. ಕೋವಿ ಅವರದ್ದೇ, ಅದೂ 12 ಬೋರು. ತೋಟೆ ಮಾತ್ರ ನಿಮಗೆ ಬೇಕಾದ್ದು ತಗೊಳ್ಳಿ ಅಂದರಂತೆ.

ತಮ್ಮ ಅಂಗಡಿಯ ಕಪಾಟಿನ ಫೋಟೊ ಕಳಿಸಿದ. ನೋಡಿ ತಲೆ ತಿರುಗಿತು. ಮೂರು ಇಂಚು, ಮೂರೂವರೆ ಇಂಚು, ಮ್ಯಾಗ್ನಮ್, 4, 5, 6 ನಂಬರ್. ಒಂದು ಡಬ್ಬಿಯ ಮೇಲೆ 9 ನಂಬರ್ ಅಂತಿದೆ, ಬೆಲೆಯಲ್ಲಿ ಅದೇ ಎಲ್ಲಕ್ಕಿಂತ ಜಾಸ್ತಿ. 9 ನಂಬರ್ ಅಂದರೆ ತೋಟೆಯೊಳಗೆ ರಾಗಿ ಕಾಳಿನಂಥ ಚರೆ (ಸಣ್ಣ ಗುಂಡು) ಅಲ್ವಾ? ಹತ್ತು ಕಿಲೋ ತೂಗುವ ಹಕ್ಕಿಗೆ ಅದು ಏನು ಮಾಡೀತು? ನಾನು ದೊಡ್ಡ ಗುಂಡಿನ ಎಲ್‌ಜಿ ತೋಟೆ ತಗೊಂಡರೆ ಒಂದೇ ಈಡಿಗೆ ಬೀಳುವುದಿಲ್ಲವೇ?

ಹೊಡೆದರೆ ಸರಿಯಾಗಿ ಹೊಡೆಯಬೇಕು. ಅರ್ಧ ಜೀವ ಮಾಡಿ ಬಿಡುವುದು ನನಗೆ ಆಗದ ಕೆಲಸ. ಗೊತ್ತಿದ್ದವರು ಹೇಳಿ.

---

ಸದಾಶಿವಗಡ ಸಂಜೆ (ಕಾರವಾರ):

ನಿಮ್ಮ ಕೊನೆಯ ಸಾಲು ಓದಿ ಉತ್ತರ ಬರೆಯಲು ಕೂತೆ. ನಾನು ಕುಮಟಾದವ, ಈಗ ಕಾರವಾರದಲ್ಲಿ ಇದ್ದೇನೆ. ಮಿಸ್ಸೂರಿಯಲ್ಲಿ 17 ವರ್ಷ ಕೆಲಸ ಮಾಡಿದೆ. ಅದರಲ್ಲಿ 11 ವಸಂತ ಟರ್ಕಿ ಬೇಟೆಗೆ ಹೋಗಿದ್ದೇನೆ.

ಮೊದಲು ಎಲ್‌ಜಿ ಮಾತು ಬಿಟ್ಟುಬಿಡಿ. ಮಿಸ್ಸೂರಿಯಲ್ಲಿ ಟರ್ಕಿಗೆ 4 ನಂಬರಿಗಿಂತ ದೊಡ್ಡ ಚರೆ ಹಾಕುವಂತಿಲ್ಲ (ನಂಬರ್ ಕಡಿಮೆಯಾದಷ್ಟು ಚರೆ ದೊಡ್ಡದು). ಕಾನೂನು ಇರಲಿ, ಎಲ್‌ಜಿಯಲ್ಲಿ ಇರುವುದೇ ಬೆರಳೆಣಿಕೆಯ ಗುಂಡು. ಟರ್ಕಿಗೆ ಮೈಮೇಲೆ ಹೊಡೆಯುವುದಿಲ್ಲ. ರೆಕ್ಕೆ, ದಪ್ಪ ಗರಿ, ಎದೆಯ ಮಾಂಸ ಎಲ್ಲ ಚರೆಯನ್ನು ತಡೆಯುತ್ತವೆ. ಹೊಡೆಯಬೇಕಾದ್ದು ತಲೆಗೆ, ಕುತ್ತಿಗೆಗೆ. ಗರಿ ಮುಗಿದು ಬೋಳು ಕುತ್ತಿಗೆ ಶುರುವಾಗುತ್ತದಲ್ಲ, ಗುರಿ ಅಲ್ಲಿ. ಆ ಜಾಗದ ಅಗಲ ನಿಮ್ಮ ಎರಡು ಬೆರಳಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹಾಗಾಗಿ ಬೇಕಾದ್ದು ಒಂದು ದೊಡ್ಡ ಗುಂಡಲ್ಲ. ಒತ್ತೊತ್ತಾಗಿ ಹೋಗುವ ಬಹಳ ಚರೆ. ಅದರಲ್ಲಿ ನಾಲ್ಕೈದಾದರೂ ಮಿದುಳಿಗೋ ಕುತ್ತಿಗೆಯ ಎಲುಬಿಗೋ ತಾಗಬೇಕು. ಹಾಗಾದರೆ ಹಕ್ಕಿ ನಿಂತಲ್ಲೇ ಬೀಳುತ್ತದೆ.

ಇನ್ನು ನಂಬರ್. ಅಲ್ಲಿಯ ನಂಬರ್ ಬೇರೆ, ಇಂಗ್ಲಿಷರ ನಂಬರ್ ಬೇರೆ. ಅಲ್ಲಿ ಒಂದು ಸುಲಭ ಲೆಕ್ಕ ಇದೆ. 17ರಲ್ಲಿ ಚರೆಯ ನಂಬರ್ ಕಳೆಯಿರಿ. ಬಂದದ್ದು ಇಂಚಿನ ನೂರನೇ ಭಾಗದಲ್ಲಿ ಚರೆಯ ಗಾತ್ರ. 5 ನಂಬರ್ ಅಂದರೆ 12, ಅಂದರೆ 0.12 ಇಂಚು, ಸುಮಾರು 3 ಮಿಲಿಮೀಟರ್. 6 ನಂಬರ್ 2.8 ಮಿಲಿಮೀಟರ್. ಇಂಗ್ಲಿಷರ ಅಳತೆಯಲ್ಲಿ ಅದೇ 2.8ಕ್ಕೆ 5 ನಂಬರ್ ಅನ್ನುತ್ತಾರೆ. ಎಲ್‌ಜಿ, ಎಸ್‌ಜಿ ಅನ್ನುವ ಹೆಸರೂ ಇಂಗ್ಲಿಷರದ್ದೇ. ಇಲ್ಲಿಯ ಅಭ್ಯಾಸದ ಮೇಲೆ ಅಲ್ಲಿ ಡಬ್ಬಿ ಎತ್ತಿಕೊಂಡರೆ ಒಂದು ನಂಬರ್ ಆಚೀಚೆ ಆಗುತ್ತದೆ.

9 ನಂಬರ್ ಬಗ್ಗೆ ನಿಮ್ಮ ಅನುಮಾನ ಸರಿಯೇ. ಸೀಸದ 9 ನಂಬರ್ ಆಗಿದ್ದರೆ ಟರ್ಕಿಗೆ ಏನೂ ಆಗುವುದಿಲ್ಲ, ಗಾಯ ಮಾತ್ರ. ಆದರೆ ನಿಮ್ಮ ತಮ್ಮ ಕಳಿಸಿದ ಫೋಟೊದಲ್ಲಿ ಟಿಎಸ್‌ಎಸ್ ಅನ್ನುವ ಮೂರು ಅಕ್ಷರ ಇರಬೇಕು, ನೋಡಿ. ಅದು ಟಂಗ್‌ಸ್ಟನ್ ಚರೆ. ಒಂದು ಘನ ಸೆಂಟಿಮೀಟರ್ ಸೀಸ 11 ಗ್ರಾಂ ಚಿಲ್ಲರೆ ತೂಗಿದರೆ ಇದು 18 ಗ್ರಾಂ ತೂಗುತ್ತದೆ. ಕಾಳು ಸಣ್ಣ, ಭಾರ ಜಾಸ್ತಿ. ಸಣ್ಣದಾದ್ದರಿಂದ ಗಾಳಿಯ ತಡೆ ಕಡಿಮೆ, ಒಳಗೆ ಹೋಗುವ ಜೋರು 5 ನಂಬರ್ ಸೀಸಕ್ಕೆ ಸರಿಸಮ. ಒಂದು ಔನ್ಸಿಗೆ 5 ನಂಬರ್ ಸೀಸ 170 ಕಾಳು ಬಂದರೆ, ಇದು 360ರ ಹತ್ತಿರ. ಅದಕ್ಕೇ ಅಷ್ಟು ಬೆಲೆ. ಐದು ತೋಟೆಯ ಡಬ್ಬಿಗೇ ಬಹಳ ಡಾಲರ್ ಹೋಗುತ್ತದೆ.

ಅದು ಬೇಕೇ ಅಂತ ಕೇಳಿದರೆ, ನಿಮಗೆ ಬೇಡ ಅನ್ನುತ್ತೇನೆ. ಯಾಕೆ ಅಂತ ಹೇಳಬೇಕಾದರೆ ನನ್ನ ಮೊದಲನೇ ವರ್ಷದ ಕತೆ ಹೇಳಬೇಕು.

ಆಗ ನಾನು ಅಂಗಡಿಯಲ್ಲಿ ಕೇಳಿದ್ದು ಒಂದೇ, ಎಲ್ಲಕ್ಕಿಂತ ಜೋರಿನದ್ದು ಯಾವುದು ಅಂತ. ಮೂರೂವರೆ ಇಂಚಿನ ತೋಟೆ ಕೊಟ್ಟರು. ಕಾಗದಕ್ಕೆ ಒಂದೂ ಹೊಡೆದು ನೋಡಲಿಲ್ಲ. ನೇರ ಕಾಡಿಗೆ ಹೋದೆ. ಬೆಳಗಿನ ಆರೂವರೆಗೆ ಒಂದು ಗಂಡು ಹುಲ್ಲಿನ ಬಯಲಿನ ಆಚೆ ಅಂಚಿಗೆ ಬಂತು. ಬಾಲ ಬಿಚ್ಚಿ ನಿಂತಿತ್ತು. 40 ಗಜ ಇರಬಹುದು ಅಂದುಕೊಂಡೆ. ಹೊಡೆದೆ. ಗರಿ ಹಾರಿತು. ಹಕ್ಕಿ ಮಗುಚಿ ಬಿದ್ದು ಎದ್ದು ಓಡಿತು, ಆಮೇಲೆ ಇಳಿಜಾರಿನ ಕಡೆ ಹಾರಿತು. ಆಮೇಲೆ ಅಳೆದೆ, 56 ಗಜ. ಸಂಜೆಯವರೆಗೆ ಓಕ್ ಮರಗಳ ಕೆಳಗೆ ಒಣ ಎಲೆ ಸರಿಸುತ್ತ ಹುಡುಕಿದೆ. ಮೂರು ಕಡೆ ರಕ್ತದ ಹನಿ ಸಿಕ್ಕಿತು, ಹಕ್ಕಿ ಸಿಗಲಿಲ್ಲ. ಆ ರಾತ್ರಿ ಊಟ ಸೇರಲಿಲ್ಲ. ಇಷ್ಟು ವರ್ಷ ಆದರೂ ಆ ಇಳಿಜಾರು ಕಣ್ಣ ಮುಂದೆ ಬರುತ್ತದೆ.

ಮಾರನೇ ವಾರ ಜೊತೆಯ ಕೆಲಸದವರೊಬ್ಬರು ಅವರ ಹೊಲಕ್ಕೆ ಕರೆದುಕೊಂಡು ಹೋದರು. ರಟ್ಟಿನ ಪೆಟ್ಟಿಗೆಗೆ ಕಂದು ಕಾಗದ ಅಂಟಿಸಿ, ಮಾರ್ಕರಿನಲ್ಲಿ ಒಂದು ಟರ್ಕಿ ತಲೆ, ಕುತ್ತಿಗೆ ಬರೆದರು. ಸುತ್ತ 10 ಇಂಚಿನ ವೃತ್ತ. ಊಟದ ತಟ್ಟೆಯಷ್ಟು. 40 ಗಜ ಅಳೆದು, ಮೇಜಿನ ಮೇಲೆ ಮರಳಿನ ಚೀಲ ಇಟ್ಟು, ಅದರ ಮೇಲೆ ಕೋವಿ ಇಟ್ಟು ಹೊಡೆಯಿರಿ ಅಂದರು. ನನ್ನ ಆ ಜೋರಿನ ತೋಟೆ ಹೊಡೆದೆ. ಭುಜ ನೀಲಿಗಟ್ಟಿತು. ಕಾಗದ ಬಿಡಿಸಿ ನೋಡಿದರೆ ಕಾಗದದ ತುಂಬ ಚರೆ ಇದೆ, ಕುತ್ತಿಗೆಯಲ್ಲಿ ಎರಡೇ ತೂತು. ಎಡಗಡೆ ನನ್ನ ಅಂಗೈ ಹಿಡಿಯುವಷ್ಟು ಜಾಗದಲ್ಲಿ ಒಂದೂ ತೂತಿಲ್ಲ. ತಲೆ ಅಲ್ಲಿ ಬಂದರೆ ಹಕ್ಕಿ ಗಾಯವಾಗಿ ಹೋಗುತ್ತದೆ.

ಆಮೇಲೆ ಮೂರು ಇಂಚಿನದ್ದು, ಒಂದೂ ಮುಕ್ಕಾಲು ಔನ್ಸ್ ಚರೆಯದ್ದು ತಂದೆವು. 5 ನಂಬರ್ ಹೊಡೆದಾಗ ವೃತ್ತದೊಳಗೆ 61. 6 ನಂಬರ್ ಹೊಡೆದಾಗ 118. ಅದೇ ಕೋವಿ, ನಳಿಗೆಯ ಬಾಯಿ ಬಿಗಿ ಮಾಡುವ ಅದೇ ಚೋಕ್, ಅದೇ ದಿನ. ಟರ್ಕಿ ಬೇಟೆಯವರು 40 ಗಜಕ್ಕೆ ಆ ವೃತ್ತದಲ್ಲಿ 100 ಬಂದರೆ ತೋಟೆ ಸರಿ ಅನ್ನುತ್ತಾರೆ. ಅವತ್ತಿನಿಂದ ನನ್ನ ಕೋವಿಗೆ 6 ನಂಬರ್ ಸೀಸವೇ. ಇನ್ನೊಬ್ಬರ ಕೋವಿಗೆ ಅದೇ ಸರಿ ಅಂತ ನಾನು ಹೇಳಲಾರೆ. ಒಂದೊಂದು ನಳಿಗೆ ಒಂದೊಂದು ತೋಟೆಯನ್ನು ಇಷ್ಟಪಡುತ್ತದೆ, ಕಾರಣ ಹೊರಗಿನಿಂದ ನೋಡಿ ತಿಳಿಯುವುದಿಲ್ಲ.

ಹಾಗಾಗಿ ನೀವು 5 ಒಂದು ಡಬ್ಬಿ, 6 ಒಂದು ಡಬ್ಬಿ ತಗೊಳ್ಳಿ. ಎರಡೂ ಸೀಸ, ಎರಡೂ ಮೂರು ಇಂಚು. ಒಂದೊಂದರಲ್ಲಿ ಮೂರು ಮೂರು ಈಡು ಕಾಗದಕ್ಕೆ ಹೊಡೆಯಿರಿ. ಒಂದೇ ಈಡು ನೋಡಿ ನಂಬಬೇಡಿ. 20 ಗಜಕ್ಕೂ ಒಂದು ಹೊಡೆದು ನೋಡಿ. ಅಷ್ಟು ಹತ್ತಿರಕ್ಕೆ ಚರೆ ಎಲ್ಲ ಮುಷ್ಟಿಯಷ್ಟು ಜಾಗದಲ್ಲೇ ಹೋಗುತ್ತದೆ, ಸ್ವಲ್ಪ ತಪ್ಪಿದರೆ ಪೂರ್ತಿ ತಪ್ಪಿದ ಹಾಗೆ.

ದೂರದ ಅಂದಾಜಿಗೆ ನಿಮ್ಮ ತೋಟವೇ ಸಾಕು. 9 ಅಡಿಗೊಂದು ಅಡಿಕೆ ಮರ ಅಲ್ವಾ? 40 ಗಜ ಅಂದರೆ 120 ಅಡಿ. ಸಾಲಿನಲ್ಲಿ 13 ಮರ ದಾಟಿದರೆ 40 ಗಜ ಆಯಿತು. 10 ಮರ ಅಂದರೆ 30 ಗಜ. ಹೋಗುವ ಮೊದಲು ದಿನಾ ಬೆಳಿಗ್ಗೆ ತೋಟದಲ್ಲಿ ನಿಂತು ಹತ್ತನೇ ಮರ ನೋಡಿ. ಕಣ್ಣಿಗೆ ಆ ದೂರ ಕೂರಲಿ. ಅಲ್ಲಿ ಬಯಲಿನಲ್ಲಿ ಹಕ್ಕಿ ಇದ್ದದ್ದಕ್ಕಿಂತ ಹತ್ತಿರ ಕಾಣುತ್ತದೆ. ನಾನು ಕೆಟ್ಟದ್ದು ಅಲ್ಲೇ.

---

ಜೋಯಿಡಾ ಕಾಡು:

ಒಳ್ಳೆ ಮಾಹಿತಿ ಅಣ್ಣಾ. ಈ 6 ನಂಬರ್ ಲೆಕ್ಕ ನಮ್ಮ ಕಾಡುಕೋಳಿಗೂ ಆಗುತ್ತದಾ?

---

ಕಡತದ ಮನುಷ್ಯ (ಅಂಕೋಲಾ):

ಆಗುವುದಿಲ್ಲ, ತಮ್ಮಾ. ಕಾಡುಕೋಳಿ, ನವಿಲು, ಮೊಲ, ಕಾಡಿನ ಯಾವ ಪ್ರಾಣಿಯನ್ನೂ ಸುಮ್ನೆ ಹೊಡೆಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಬೆಳೆ ರಕ್ಷಣೆ ಲೈಸೆನ್ಸ್ ಬೇಟೆಯ ಲೈಸೆನ್ಸ್ ಅಲ್ಲ. ನಿಮ್ಮ ಊರಿನ ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶವೇ ಇದೆ. ದಯವಿಟ್ಟು ಆ ಯೋಚನೆ ಬೇಡ.

ಹುಲೇಕಲಿನವರಿಗೆ ಎರಡು ಮಾತು. ಲೈಸೆನ್ಸ್ ಕಡತ ನೋಡಿಕೊಂಡು ಬಹಳ ವರ್ಷ ಕೆಲಸ ಮಾಡಿದವ ನಾನು. ನೀವು ಊರಲ್ಲಿ ಇಲ್ಲದಾಗ ಕೋವಿ ಮನೆಯಲ್ಲಿ ಇಡಬೇಡಿ. ಚುನಾವಣೆ ಬಂದಾಗ ಠಾಣೆಗೆ ಕೊಡುತ್ತೀರಲ್ಲ, ಹಾಗೇ ಜಮಾ ಮಾಡಿ ರಶೀದಿ ಇಟ್ಟುಕೊಳ್ಳಿ. ಎರಡನೆಯದು, ವಾಪಸ್ ಬರುವಾಗ ನೆನಪಿಗೆ ಅಂತ ಒಂದು ತೋಟೆಯನ್ನೂ ಚೀಲದಲ್ಲಿ ಹಾಕಬೇಡಿ. ಕಿಸೆಯಲ್ಲಿ ಮರೆತು ಉಳಿದದ್ದಕ್ಕೂ ವಿಮಾನ ನಿಲ್ದಾಣದಲ್ಲಿ ಕೇಸು ಆಗುತ್ತದೆ. ಬೇಟೆಗೆ ಹಾಕಿದ ಜಾಕೆಟಿನ ಎಲ್ಲ ಕಿಸೆ ಹೊರಗೆ ಮಗುಚಿ ನೋಡಿ.

---

ಹುಲೇಕಲ್ ತೋಟ:

ಸದಾಶಿವಗಡದವರೇ, ಇಷ್ಟು ಬಿಡಿಸಿ ಬರೆದದ್ದಕ್ಕೆ ಕೈ ಮುಗಿದೆ. ಇವತ್ತು ಬೆಳಿಗ್ಗೆ ತೋಟಕ್ಕೆ ಹೋಗಿ ಮರ ಎಣಿಸಿದೆ. ಹತ್ತನೇ ಮರ ನಾನು ಅಂದುಕೊಂಡದ್ದಕ್ಕಿಂತ ಹತ್ತಿರವೇ ಇದೆ. ಇಷ್ಟು ದಿನ ನಾನು 30 ಗಜ ಅಂದುಕೊಂಡದ್ದು ನೋಡಿದರೆ 14ನೇ ಮರ!

ಇನ್ನೊಂದು ಕೇಳಬೇಕು. ಆ ಹಿರಿಯರ ಹತ್ತಿರ ಎರಡು ಕೋವಿ ಇದೆಯಂತೆ. ಒಂದು ಹಳೇದು, ಒಂದು ಹೊಸದು. ಯಾವುದು ಕೊಡುತ್ತಾರೋ ಗೊತ್ತಿಲ್ಲ. ಮೂರು ಇಂಚಿನ ತೋಟೆ ಎರಡರಲ್ಲೂ ಕೂರುತ್ತದಾ? ಮತ್ತೆ ನಾನು ಪ್ರವಾಸದ ವೀಸಾದಲ್ಲಿ ಹೋಗುವವ. ಅಲ್ಲಿ ಕೋವಿ ಮುಟ್ಟಬಹುದಾ?

---

ಸದಾಶಿವಗಡ ಸಂಜೆ (ಕಾರವಾರ):

ಕೂರುತ್ತದೆ. ಅಪಾಯ ಇರುವುದೇ ಅಲ್ಲಿ.

ತೋಟೆಯ ಉದ್ದ ಅಂತ ಡಬ್ಬಿಯ ಮೇಲೆ ಬರೆದದ್ದು ಈಡು ಹಾರಿದ ಮೇಲಿನ ಉದ್ದ. ಹೊಸ ತೋಟೆಯ ಬಾಯಿ ನೋಡಿದ್ದೀರಲ್ಲ, ಪ್ಲಾಸ್ಟಿಕ್ ಅಂಚನ್ನು ಒಳಗೆ ಮಡಚಿ ಹೂವಿನ ಹಾಗೆ ಮುಚ್ಚಿರುತ್ತಾರೆ. ಮಡಚಿದ್ದರಿಂದ ಅದು ಗಿಡ್ಡ. ಎರಡೂ ಮುಕ್ಕಾಲು ಇಂಚಿನ ಕೋವಿಗೆ ಮೂರು ಇಂಚಿನದ್ದು ಹಾಕಿದರೂ ಸಲೀಸಾಗಿ ಕೂತುಬಿಡುತ್ತದೆ. ಹೊಡೆದಾಗ ಮಡಿಕೆ ಬಿಚ್ಚಿಕೊಳ್ಳಲು ಜಾಗ ಇರುವುದಿಲ್ಲ. ಬಾಯಿ ಇಕ್ಕಟ್ಟಾಗಿ ಒಳಗಿನ ಒತ್ತಡ ಏರುತ್ತದೆ. ನಿಮ್ಮ ಕೆನ್ನೆ ಇರುವುದು ಅದರ ಪಕ್ಕದಲ್ಲೇ.

ನಳಿಗೆಯ ಪಕ್ಕ, ಬುಡದ ಹತ್ತಿರ ಅಕ್ಷರ ಕೊರೆದಿರುತ್ತಾರೆ. ಎಷ್ಟು ಬೋರು, ಎಷ್ಟು ಇಂಚು ಅಂತ. ಕೋವಿ ಕೈಗೆ ಬಂದ ಕೂಡಲೇ ಅದನ್ನು ಓದಿ. ಅಲ್ಲಿ ಬರೆದದ್ದಕ್ಕಿಂತ ಗಿಡ್ಡದ್ದು ಹಾಕಬಹುದು, ಉದ್ದದ್ದು ಬೇಡ. ಓದಲಿಕ್ಕೆ ಆಗದಿದ್ದರೆ ಎರಡೂ ಮುಕ್ಕಾಲಿನ ತೋಟೆ ಕೇಳಿ. ಅದರಲ್ಲೂ ಟರ್ಕಿಯ ತೋಟೆ ಸಿಗುತ್ತದೆ, 30 ಗಜಕ್ಕೆ ಚೆನ್ನಾಗಿ ಸಾಕಾಗುತ್ತದೆ.

ಮತ್ತೊಂದು. ಹಿರಿಯರ ಮನೆಯಲ್ಲಿ 20 ಬೋರಿನ (12ಕ್ಕಿಂತ ಸಣ್ಣ ನಳಿಗೆಯ) ಕೋವಿಯೂ ಇದ್ದರೆ ತೋಟೆ ಬೆರೆಯದ ಹಾಗೆ ನೋಡಿಕೊಳ್ಳಿ. 20ರ ತೋಟೆ ಹಳದಿ ಬಣ್ಣ. ಅದು 12ರ ನಳಿಗೆಗೆ ಬಿದ್ದರೆ ಒಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ನಳಿಗೆ ಖಾಲಿ ಕಾಣುತ್ತದೆ. ಅದರ ಹಿಂದೆ 12ರ ತೋಟೆ ಹಾಕಿ ಹೊಡೆದರೆ ನಳಿಗೆಯೇ ಒಡೆಯುತ್ತದೆ. ಹಳದಿ ಕಂಡರೆ ಕೈ ಹಾಕಬೇಡಿ.

ವೀಸಾ ವಿಷಯ ಕೇಳಿದ್ದು ಒಳ್ಳೆಯದಾಯಿತು. ಪ್ರವಾಸಕ್ಕೋ ಕೆಲಸಕ್ಕೋ ತಾತ್ಕಾಲಿಕ ವೀಸಾದಲ್ಲಿ ಬಂದವರು ಅಲ್ಲಿ ಕೋವಿ, ತೋಟೆ ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಲೈಸೆನ್ಸ್ ಇದ್ದರೆ ಅದಕ್ಕೆ ವಿನಾಯಿತಿ ಇದೆ. ನಾನೂ ಹಾಗೇ ಶುರು ಮಾಡಿದ್ದು. ಹಾಗಾಗಿ ಮೊದಲು ಲೈಸೆನ್ಸ್, ಆಮೇಲೆ ಅಂಗಡಿ. ಕ್ರಮ ತಪ್ಪಬಾರದು. 1967ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆ ಮಿಸ್ಸೂರಿಯಲ್ಲಿ ಬೇಟೆಯ ತರಬೇತಿ ಆಗಿರಬೇಕು. ಆಗದಿದ್ದವರಿಗೆ ಅಪ್ರೆಂಟಿಸ್ ಅನುಮತಿ ಅಂತ ಇದೆ, ಅದರಲ್ಲಿ ತರಬೇತಿ ಆದ ಹಿರಿಯರ ಪಕ್ಕದಲ್ಲೇ ಇರಬೇಕು. ತಮ್ಮನಿಗೆ ಹೇಳಿ ಇದನ್ನೆಲ್ಲ ಮೊದಲೇ ಮಾಡಿಸಿ.

ಬಟ್ಟೆ ಬಗ್ಗೆಯೂ ಹೇಳಿಬಿಡುತ್ತೇನೆ. ಗಂಡು ಟರ್ಕಿಯ ತಲೆ ಕೆಂಪು, ಬಿಳಿ, ನೀಲಿ. ಆ ಮೂರು ಬಣ್ಣ ನಿಮ್ಮ ಮೈಮೇಲೆ ಎಲ್ಲೂ ಇರಬಾರದು. ನಮ್ಮ ಕಡೆಯವರು ಹೆಗಲ ಮೇಲೆ ಕೆಂಪು ಚೌಕಡಿ ಪಾಣಿಪಂಚೆ ಹಾಕುವ ರೂಢಿ ಇದೆ. ಅದು ಮನೆಯಲ್ಲೇ ಇರಲಿ ಮಾರಾಯ್ರೇ. ಪೊದೆಯ ಸಂದಿಯಲ್ಲಿ ಕೆಂಪು ಅಲ್ಲಾಡಿದ್ದು ನೋಡಿ ಇನ್ನೊಬ್ಬ ಬೇಟೆಯವ ಕೋವಿ ಎತ್ತಬಹುದು. ಹಕ್ಕಿ ಕೂಗಿದ ಕಡೆಗೆ ನೀವು ಹೋಗಬೇಡಿ, ಅಲ್ಲಿ ಕೂಗುತ್ತಿರುವುದು ಮನುಷ್ಯನೂ ಆಗಿರಬಹುದು. ಮರಕ್ಕೆ ಬೆನ್ನು ಕೊಟ್ಟು ಕೂತಿರಿ.

ನೀವು ಕೊಡುವ ತೋಟೆಯ ದುಡ್ಡಿನಲ್ಲಿ ಒಂದು ಪಾಲು ಕಾಡಿಗೇ ಹೋಗುತ್ತದೆ, ಇದು ನನಗೆ ಬಹಳ ಹಿಡಿಸಿದ ಸಂಗತಿ. ಅಲ್ಲಿ ಟರ್ಕಿ ಒಂದು ಕಾಲಕ್ಕೆ ಮುಗಿದೇ ಹೋಗುವ ಹಾಗಿತ್ತು. 1937ರಲ್ಲಿ ಕಾನೂನು ಮಾಡಿದರು. ಕೋವಿ, ತೋಟೆ ಮೇಲೆ 11 ಶೇಕಡಾ ತೆರಿಗೆ, ಅದು ವನ್ಯಜೀವಿ ಕೆಲಸಕ್ಕೆ ಮೀಸಲು. ಉಳಿದಿದ್ದ ಹಕ್ಕಿಗಳನ್ನು ಬಲೆ ಹಾರಿಸಿ ಹಿಡಿದು, ಖಾಲಿಯಾದ ಕಾಡುಗಳಿಗೆ ಒಯ್ದು ಬಿಟ್ಟರು. ಈಗ ಲಕ್ಷಗಟ್ಟಲೆ ಇವೆ.

---

ಶರಾವತಿ ಅಕ್ಕ (ಹೊನ್ನಾವರ):

ನನಗೆ ಕೋವಿ ಗೊತ್ತಿಲ್ಲ. ಅಡುಗೆ ಮನೆಯ ಕಡೆಯಿಂದ ಹೇಳುತ್ತೇನೆ. ಮಗಳು ಪೆನ್ಸಿಲ್ವೇನಿಯಾದಲ್ಲಿ ಇದ್ದಾಳೆ, ಅಳಿಯ ಟರ್ಕಿ ತರುತ್ತಾನೆ. ಚೆನ್ನಾಗಿ ಹೊಡೆದ ಹಕ್ಕಿಯ ಎದೆಯಲ್ಲಿ ಒಂದು ಚರೆಯೂ ಇರುವುದಿಲ್ಲ. ಒಂದು ಸಲ ದೂರದಿಂದ ಹೊಡೆದದ್ದು ತಂದಿದ್ದ, ಎದೆಯಲ್ಲೇ ಒಂಬತ್ತು ಸಿಕ್ಕಿತು. ಸ್ವಚ್ಛ ಮಾಡಲು ಒಂದು ಗಂಟೆ ಹಿಡಿಯಿತು.

ಹುಡುಕುವ ಬಗೆ ಹೀಗೆ. ಮಾಂಸದಲ್ಲಿ ಸಣ್ಣ ಕಪ್ಪು ಚುಕ್ಕಿ ಕಂಡರೆ ಅಲ್ಲಿ ಕೊಯ್ದು ಬಿಡಿಸಿ. ಚರೆ ಒಳಗೆ ಹೋಗುವಾಗ ಗರಿಯ ಎಳೆಯನ್ನೂ ಎಳೆದುಕೊಂಡು ಹೋಗಿರುತ್ತದೆ. ಆ ಎಳೆ ಹಿಡಿದು ಹೋದರೆ ತುದಿಯಲ್ಲಿ ಚರೆ ಇರುತ್ತದೆ. ಸುತ್ತಲಿನ ಮಾಂಸವನ್ನೂ ತೆಗೆದು ಬಿಸಾಡಿ, ಸೀಸ ಹೊಟ್ಟೆಗೆ ಹೋಗಬಾರದು, ಮಕ್ಕಳಿದ್ದ ಮನೆಯಲ್ಲಂತೂ ಬೇಡವೇ ಬೇಡ. ಆ ಟಂಗ್‌ಸ್ಟನ್ ಚರೆ ಉಳಿದರೆ ಹಲ್ಲೇ ಮುರಿಯುತ್ತದೆ, ಅಷ್ಟು ಗಟ್ಟಿ.

ಎದೆ ಬೇಗ ಬೇಯುತ್ತದೆ. ಕಾಲು ಬಹಳ ಬಿರುಸು, ಓಡಿ ಓಡಿ ನರ ಗಟ್ಟಿಯಾಗಿರುತ್ತದೆ. ನಾನು ಕಾಲನ್ನು ಬೇರೆ ಇಟ್ಟು ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ, ಆಮೇಲೆ ಹುರಿದ ತೆಂಗಿನಕಾಯಿ, ಕೊತ್ತಂಬರಿ, ಒಣಮೆಣಸಿನ ಮಸಾಲೆಗೆ ಹಾಕುತ್ತೇನೆ. ಊರಿನ ನಾಟಿ ಕೋಳಿ ಸಾರಿನ ಹಾಗೇ ಬರುತ್ತದೆ.

---

ಹುಲೇಕಲ್ ತೋಟ (ಮೇ):

ಊರಿಗೆ ಬಂದು ನಾಲ್ಕು ದಿನ ಆಯಿತು. ಹೇಳಿಕೊಟ್ಟವರಿಗೆ ಆದದ್ದು ಹೇಳಬೇಕಲ್ಲ, ಬರೆಯುತ್ತಿದ್ದೇನೆ.

ಲೈಸೆನ್ಸ್, ಅಪ್ರೆಂಟಿಸ್ ಅನುಮತಿ ಎಲ್ಲ ಮೊದಲು ಮಾಡಿಸಿದೆವು. ಹಿರಿಯರು ಹೊಸ ಕೋವಿಯನ್ನೇ ಕೊಟ್ಟರು. ನಳಿಗೆಯ ಮೇಲೆ 12, ಮೂರು ಇಂಚು ಅಂತ ಇತ್ತು. 5 ಒಂದು ಡಬ್ಬಿ, 6 ಒಂದು ಡಬ್ಬಿ, ಹತ್ತು ಹತ್ತು ತೋಟೆ. ಅವರ ಕೊಟ್ಟಿಗೆಯ ಹಿಂದೆ ಕಾಗದ ಕಟ್ಟಿ ಹೊಡೆದೆ. ಸದಾಶಿವಗಡದವರೇ, ನಿಮ್ಮದಕ್ಕೆ ತಿರುಗಾಮುರುಗಾ ಬಂತು! ಮೂರು ಮೂರು ಈಡಿನ ಸರಾಸರಿ ತೆಗೆದರೆ 6 ನಂಬರ್ ವೃತ್ತದಲ್ಲಿ 88, 5 ನಂಬರ್ 103. ನಾವು ಇಬ್ಬರೂ ಕೂತು ಒಂದೊಂದು ತೂತಿಗೂ ಪೆನ್ಸಿಲಿನಲ್ಲಿ ಗೆರೆ ಹಾಕುತ್ತ ಎಣಿಸಿದೆವು. ನಾನು ಕನ್ನಡದಲ್ಲಿ, ಅವರು ಇಂಗ್ಲಿಷಿನಲ್ಲಿ. 5 ನಂಬರನ್ನೇ ಇಟ್ಟುಕೊಂಡೆ.

ಮೂರನೇ ದಿನ ಬೆಳಿಗ್ಗೆ ಒಂದು ದೊಡ್ಡ ಗಂಡು ಬಂತು. ಹೆಣ್ಣು ಹಕ್ಕಿಗಳ ಹಿಂದೆ ಬಂದು ಬಯಲಿನಲ್ಲಿ ನಿಂತಿತು. ನಾನು ಮನಸ್ಸಿನಲ್ಲೇ ಅಡಿಕೆ ಮರ ನೆಟ್ಟು ಎಣಿಸಿದೆ. ಹದಿನಾರು ಮರ. ಹಿರಿಯರು ನನ್ನ ಮುಖ ನೋಡಿದರು, ನಾನು ತಲೆ ಅಲ್ಲಾಡಿಸಿದೆ. ಅರ್ಧ ಗಂಟೆ ನೋಡುತ್ತ ಕೂತೆವು. ಬಿಸಿಲು ಬಿದ್ದಾಗ ಅದರ ಮೈ ಗರಿ ತಾಮ್ರದ ತಂಬಿಗೆಯನ್ನು ಹುಣಸೆ ಹುಳಿ ಹಾಕಿ ತಿಕ್ಕಿದ ಹಾಗೆ ಹೊಳೆಯಿತು. ಆಮೇಲೆ ಹೆಣ್ಣುಗಳ ಜೊತೆ ಹೊರಟು ಹೋಯಿತು.

ನಾಲ್ಕನೇ ದಿನ ಇನ್ನೊಂದು ಬಂತು. ಒಂಬತ್ತು ಮರ. ಒಂದೇ ಈಡು. ಕಾಲು ಕೂಡ ಬಡಿಯಲಿಲ್ಲ. ತೂಕ 21 ಪೌಂಡ್, ಅಂದರೆ ಒಂಬತ್ತೂವರೆ ಕಿಲೋ. ಅಕ್ಕ, ನೀವು ಹೇಳಿದ ಹಾಗೆ ತಮ್ಮನ ಹೆಂಡತಿ ಕಾಲು ಬೇರೆ ಬೇಯಿಸಿ ಸಾರು ಮಾಡಿದಳು. ಎದೆಯಲ್ಲಿ ಹುಡುಕಿದೆವು, ಒಂದೂ ಇರಲಿಲ್ಲ. ಕುತ್ತಿಗೆ ಬುಡದಲ್ಲಿ ಎರಡು ಸಿಕ್ಕವು, ಗರಿಯ ಎಳೆ ಹಿಡಿದೇ ಸಿಕ್ಕವು. ಹಿರಿಯರನ್ನೂ ಊಟಕ್ಕೆ ಕರೆದಿದ್ದೆವು, ಸಾರು ಎರಡು ಸಲ ಹಾಕಿಸಿಕೊಂಡರು.

ಉಳಿದ 13 ತೋಟೆ ಅವರಿಗೇ ಕೊಟ್ಟೆ. ಜಾಕೆಟಿನ ಕಿಸೆ ಮೂರು ಸಲ ಮಗುಚಿ ನೋಡಿದೆ. ನಾಳೆ ಠಾಣೆಗೆ ಹೋಗಿ ಕೋವಿ ಬಿಡಿಸಿಕೊಂಡು ಬರಬೇಕು. ನಾನಿಲ್ಲದ ದಿನಗಳಲ್ಲಿ ಹಂದಿ ಬಂದು ಕೆಳಗಿನ ಸಾಲಿನ ಬಾಳೆ ಗಡ್ಡೆ ಪೂರ್ತಿ ಅಗೆದು ಹಾಕಿದೆ.